ಡಿಸ್ಕ್ ಹೊಸದು, ಬಾಗಿಲು 1984ರದು

ಕಳೆದ ಮಳೆಗಾಲದಲ್ಲಿ ಪುಣೆಯ ನಮ್ಮ ಕನ್ನಡ ಸಂಘದ ಲ್ಯಾಪ್‌ಟಾಪಿನಿಂದ ಟಕ್ ಟಕ್ ಎಂಬ ಸದ್ದು ಬರತೊಡಗಿತು. ಹಾರ್ಡ್ ಡಿಸ್ಕ್ ಸಾಯುವ ಮುಂಚೆ ಮಾಡುವ ಸದ್ದು ಅದು. ಒಮ್ಮೆ ಕೇಳಿದವರು ಮರೆಯುವುದಿಲ್ಲ. 2007ರಲ್ಲಿ ಕೊಂಡ ಯಂತ್ರ, ಒಳಗೆ ವಿಂಡೋಸ್ ಎಕ್ಸ್‌ಪಿ. ಅದನ್ನಿನ್ನೂ ಯಾಕೆ ಇಟ್ಟುಕೊಂಡಿದ್ದೀರಿ ಎಂದು ಕೇಳುವವರಿಗೆ ಉತ್ತರ ಇಷ್ಟೇ: ಸಂಘದ ಹತ್ತೊಂಬತ್ತು ರಾಜ್ಯೋತ್ಸವ ಸಂಚಿಕೆಗಳು ಅದರಲ್ಲಿವೆ. ಎಲ್ಲವೂ ಪೇಜ್‌ಮೇಕರಿನಲ್ಲಿ, ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಕೂರಿಸಿದಂಥವು. ಆ ಫೈಲನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ತಂತ್ರಾಂಶದ ಸೀಡಿ ಯಾರ ಮನೆ ಬದಲಾಯಿಸುವಾಗ ಕಳೆಯಿತೋ ಯಾರಿಗೂ ನೆನಪಿಲ್ಲ. ಫೈಲುಗಳ ನಕಲು ಪೆನ್‌ಡ್ರೈವಿನಲ್ಲಿ ಇತ್ತು. ಅವನ್ನು ಓದಬಲ್ಲ ಯಂತ್ರ ಮಾತ್ರ ಇದೊಂದೇ.

ಭಾನುವಾರ ಬೆಳಿಗ್ಗೆ 120 ಜಿಬಿಯ ಎಸ್‌ಎಸ್‌ಡಿ ತಂದು, ಲಿನಕ್ಸ್ ಪೆನ್‌ಡ್ರೈವಿನಿಂದ ಹಳೆಯ ಡಿಸ್ಕನ್ನು ಹಾಗೆಯೇ ಅದಕ್ಕೆ ನಕಲಿಸಿದೆ. ಎರಡು ಸ್ಕ್ರೂ ತೆಗೆದು ಡಿಸ್ಕ್ ಬದಲಿಸಿ ಆನ್ ಮಾಡಿದರೆ ಎಕ್ಸ್‌ಪಿ ಸರಾಗವಾಗಿ ಎದ್ದಿತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಹೊಸ ಡಿಸ್ಕಿನ ಪೂರ್ತಿ ವೇಗ ಬೇಕೆಂಬ ಆಸೆಯಿಂದ ಬಯೋಸ್ ತೆರೆದೆ. ಅಲ್ಲಿ ಸಾಟಾ ಕಂಟ್ರೋಲರ್ ಎಂಬ ಸಾಲಿನ ಮುಂದೆ ‘ಕಂಪ್ಯಾಟಿಬಿಲಿಟಿ’ ಎಂದಿತ್ತು. ಅದನ್ನು ‘ಎಎಚ್‌ಸಿಐ’ ಎಂದು ಬದಲಿಸಿ ಸೇವ್ ಮಾಡಿದೆ. ವಿಂಡೋಸಿನ ಲಾಂಛನ ಒಂದು ಕ್ಷಣ ಕಂಡಿತು. ಮರುಕ್ಷಣ ನೀಲಿ ಪರದೆ. ಸೊನ್ನೆಗಳ ಸಾಲಿನ ಕೊನೆಗೆ 7ಬಿ ಎಂಬ ಸಂಖ್ಯೆ. ಬೂಟ್ ಆಗಬೇಕಾದ ಡಿಸ್ಕೇ ಕೈಗೆ ಸಿಗುತ್ತಿಲ್ಲ ಎಂದು ಅದರ ಅರ್ಥ.

ಪಕ್ಕದಲ್ಲಿ ಕುಳಿತಿದ್ದ ನಮ್ಮ ಕಾರ್ಯದರ್ಶಿಗಳು ಕುಂದಾಪುರ ಕಡೆಯವರು. ಪರದೆ ನೋಡಿ, “ಎಂತ ಮಾರಾಯ್ರೆ, ಇದ್ದದ್ದೂ ಹೋಯ್ತಾ?” ಎಂದರು.

ಹೋಗಿರಲಿಲ್ಲ. ಬಯೋಸಿಗೆ ಮರಳಿ ಆ ಒಂದು ಪದವನ್ನು ಮೊದಲಿನಂತೆ ಮಾಡಿದೊಡನೆ ಎಲ್ಲವೂ ಸರಿಹೋಯಿತು. ಆದರೆ ಪ್ರಶ್ನೆ ಉಳಿಯಿತು. ಅದೇ ಡಿಸ್ಕ್, ಅದೇ ಕನೆಕ್ಟರ್, ಅದೇ ಚಿಪ್, ಡಿಸ್ಕಿನೊಳಗೆ ಒಂದು ಬಿಟ್ ಕೂಡ ಬದಲಾಗಿಲ್ಲ. ಒಂದು ಪದ ಬದಲಿಸಿದ್ದಕ್ಕೆ ವಿಂಡೋಸಿಗೆ ತನ್ನ ಮನೆಯೇ ಕಾಣದಂತಾಗುವುದು ಹೇಗೆ? ಐಟಿಯಲ್ಲಿ ಇಪ್ಪತ್ತು ವರ್ಷ ಕಳೆದವನು ನಾನು. ಆ ಸೆಟ್ಟಿಂಗನ್ನು ಎಷ್ಟೋ ಸಲ ಬದಲಿಸಿದ್ದೇನೆ, ಅದು ಅಲ್ಲಿಗೆ ಬಂದದ್ದು ಹೇಗೆಂದು ಯೋಚಿಸಿರಲಿಲ್ಲ. ಸಂಜೆ ವಿಂಡೋಸಿನ ಡಿವೈಸ್ ಮ್ಯಾನೇಜರ್ ತೆರೆದು ಐಡಿಇ ಚಾನೆಲ್ಲಿನ ವಿವರ ನೋಡಿದೆ. ವಿಳಾಸ 1ಎಫ್0ಯಿಂದ 1ಎಫ್7, ಇಂಟರಪ್ಟ್ 14. ಈ ಸಂಖ್ಯೆಗಳು 2007ರವಲ್ಲ. 1984ರ ಆಗಸ್ಟಿನವು.

ಅದಕ್ಕೂ ಸ್ವಲ್ಪ ಹಿಂದಿನಿಂದ ಹೇಳಬೇಕು. 1980ರಲ್ಲಿ ಶುಗರ್ಟ್ ಟೆಕ್ನಾಲಜಿ ಎಂಬ ಕಂಪನಿ (ಮುಂದೆ ಸೀಗೇಟ್ ಆದದ್ದು ಇದೇ) ಎಸ್‌ಟಿ-506 ಎಂಬ 5 ಎಂಬಿಯ ಹಾರ್ಡ್ ಡಿಸ್ಕ್ ತಂದಿತು. ಪರ್ಸನಲ್ ಕಂಪ್ಯೂಟರಿನ ಪೆಟ್ಟಿಗೆಯಲ್ಲಿ ಹಿಡಿಸುವ ಐದೂಕಾಲು ಇಂಚಿನ ಡಿಸ್ಕ್. ಅದಕ್ಕೆ ಸ್ವಂತ ಬುದ್ಧಿ ಇರಲಿಲ್ಲ. ತಟ್ಟೆ ತಿರುಗಿಸುವ ಮೋಟಾರು, ಹೆಡ್ ಸರಿಸುವ ತೋಳು, ಒಂದಿಷ್ಟು ಆಂಪ್ಲಿಫೈಯರು, ಅಷ್ಟೇ. ತಟ್ಟೆಯ ಮೇಲಿನ ಅಯಸ್ಕಾಂತದ ಮಿಡಿತಗಳನ್ನು ಸೊನ್ನೆ-ಒಂದುಗಳಾಗಿ ಓದುವುದು, ಇಷ್ಟನೇ ಸುತ್ತಿಗೆ ಹೋಗು ಎಂದು ಹೆಡ್ಡಿಗೆ ಹೇಳುವುದು, ತಪ್ಪಾದರೆ ಪತ್ತೆಹಚ್ಚುವುದು, ಇವೆಲ್ಲ ಕಂಪ್ಯೂಟರಿನೊಳಗೆ ಬೇರೆಯೇ ಒಂದು ಕಾರ್ಡಿನ ಕೆಲಸ. ಆ ಕಾರ್ಡೇ ಕಂಟ್ರೋಲರ್. ಡಿಸ್ಕಿಗೂ ಕಾರ್ಡಿಗೂ ನಡುವೆ ಎರಡು ಕೇಬಲ್: 34 ತಂತಿಗಳದು ಆಜ್ಞೆಗೆ, 20 ತಂತಿಗಳದು ದತ್ತಾಂಶಕ್ಕೆ. 1983ರಲ್ಲಿ ಬಂದ ಐಬಿಎಂ ಪಿಸಿ ಎಕ್ಸ್‌ಟಿಯ 10 ಎಂಬಿ ಡಿಸ್ಕೂ ಇದೇ ಬಗೆಯದು.

1984ರ ಆಗಸ್ಟಿನಲ್ಲಿ ಐಬಿಎಂ ಪಿಸಿ ಎಟಿ ಬಂತು, 20 ಎಂಬಿ ಹಾರ್ಡ್ ಡಿಸ್ಕಿನೊಂದಿಗೆ. ಇದರ ಕಂಟ್ರೋಲರ್ ಕಾರ್ಡ್ ಮಾಡಿಕೊಟ್ಟದ್ದು ವೆಸ್ಟರ್ನ್ ಡಿಜಿಟಲ್. ಪ್ರೊಸೆಸರು ಆ ಕಾರ್ಡಿನೊಂದಿಗೆ ಮಾತಾಡಲು ಎಂಟು ವಿಳಾಸಗಳನ್ನು ಗೊತ್ತುಮಾಡಿದರು. ಅಂಚೆ ಕಚೇರಿಯ ಗೋಡೆಯಲ್ಲಿ ಸಾಲಾಗಿ ಎಂಟು ಪೆಟ್ಟಿಗೆ ಇಟ್ಟ ಹಾಗೆ. 1ಎಫ್0 ಪೆಟ್ಟಿಗೆಯಲ್ಲಿ ದತ್ತಾಂಶ ಹಾದುಹೋಗುತ್ತದೆ. ಮುಂದಿನದು ತಪ್ಪಿನ ವರದಿಗೆ. ಆಮೇಲೆ ಎಷ್ಟು ಸೆಕ್ಟರ್ ಬೇಕು, ಯಾವ ಸೆಕ್ಟರ್, ಯಾವ ಸಿಲಿಂಡರ್ (ಇದಕ್ಕೆ ಎರಡು ಪೆಟ್ಟಿಗೆ), ಯಾವ ಡ್ರೈವ್ ಮತ್ತು ಯಾವ ಹೆಡ್. ಕೊನೆಯ 1ಎಫ್7ರಲ್ಲಿ ‘ಓದು’ ಅಥವಾ ‘ಬರೆ’ ಎಂಬ ಆಜ್ಞೆ. ಕೆಲಸ ಮುಗಿದಾಗ ಕಾರ್ಡು 14ನೇ ಗಂಟೆ ಬಾರಿಸುತ್ತದೆ. ಅದೇ ಇಂಟರಪ್ಟ್ 14.

ಡಿಸ್ಕ್ ಬದಲಿಸಿದ ಮೇಲೆ ಸೆಟ್ಟಿಂಗ್ ಬದಲಿಸುವ ಶಾಸ್ತ್ರ ಶುರುವಾದದ್ದೂ ಇದೇ ಯಂತ್ರದಲ್ಲಿ. ಎಟಿಯಲ್ಲಿ ಬ್ಯಾಟರಿಯಿಂದ ಜೀವ ಹಿಡಿದಿರುವ ಸಣ್ಣದೊಂದು ಸೀಮಾಸ್ ನೆನಪು ಇತ್ತು. ಒಳಗೆ ಯಾವ ಬಗೆಯ ಡಿಸ್ಕ್ ಇದೆ ಎಂಬುದನ್ನು ಒಂದು ಸಂಖ್ಯೆಯಾಗಿ ಅದರಲ್ಲಿ ಬರೆದಿಡಬೇಕು. ಯಾವ ಸಂಖ್ಯೆಗೆ ಎಷ್ಟು ಸಿಲಿಂಡರ್, ಎಷ್ಟು ಹೆಡ್ ಎಂಬ ಪುಟ್ಟ ಪಟ್ಟಿ ಬಯೋಸಿನಲ್ಲಿ ಅಚ್ಚಾಗಿತ್ತು. ಈಗಿನಂತೆ ಎಫ್2 ಒತ್ತಿದರೆ ತೆರೆಯುವ ಮೆನು ಆಗ ಇರಲಿಲ್ಲ. ಸೆಟಪ್ ಪ್ರೋಗ್ರಾಮನ್ನು ಐಬಿಎಂ ಕೊಟ್ಟ ಫ್ಲಾಪಿಯಿಂದ ನಡೆಸಬೇಕಿತ್ತು. ದೊಡ್ಡ ಡಿಸ್ಕ್ ತಂದು ಹಾಕಿದವರು ಪಟ್ಟಿಯಲ್ಲಿ ಅದಕ್ಕೆ ಹೊಂದುವ ಸಂಖ್ಯೆ ಇಲ್ಲದಿದ್ದರೆ ಹತ್ತಿರದ್ದನ್ನು ಹಾಕಿ ಉಳಿದ ಜಾಗ ಬಿಟ್ಟುಕೊಡಬೇಕಿತ್ತು. ಮುಂದೆ ತದ್ರೂಪಿ ಯಂತ್ರಗಳ ಬಯೋಸಿನಲ್ಲಿ ‘ಟೈಪ್ 47’ ಬಂತು. ಅಂದರೆ ನಿಮ್ಮ ಡಿಸ್ಕಿನ ಅಳತೆಯನ್ನು ನೀವೇ ಬರೆದುಕೊಳ್ಳಿ ಎಂದು. ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಬಿಚ್ಚಿದ ನನ್ನ ವಯಸ್ಸಿನವರಿಗೆ ಡಿಸ್ಕಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಆ ಮೂರು ಸಂಖ್ಯೆ ಹುಡುಕಿದ್ದು ನೆನಪಿರಬಹುದು. ಚೀಟಿ ಹರಿದಿದ್ದರೆ ಆ ದಿನ ವ್ಯರ್ಥ.

ಆಮೇಲೆ ನಡೆದದ್ದು ಇಡೀ ಕತೆಯ ತಿರುವು. 1986ರ ಹೊತ್ತಿಗೆ ಕಾಂಪ್ಯಾಕ್ ಕಂಪನಿ, ವೆಸ್ಟರ್ನ್ ಡಿಜಿಟಲ್ ಮತ್ತು ಡಿಸ್ಕ್ ತಯಾರಕರ ಜೊತೆ ಸೇರಿ, ಕಂಟ್ರೋಲರನ್ನು ಕಾರ್ಡಿನಿಂದ ಕಿತ್ತು ಡಿಸ್ಕಿನ ಮೈಮೇಲೆಯೇ ಕೂರಿಸಿತು. ಮಿಡಿತಗಳನ್ನು ಉದ್ದದ ಕೇಬಲ್ಲಿನಲ್ಲಿ ಸಾಗಿಸುವ ಕಷ್ಟ ತಪ್ಪಿತು, ಖರ್ಚೂ ಇಳಿಯಿತು. ಇದಕ್ಕೆ ಇಟ್ಟ ಹೆಸರು ಐಡಿಇ, ಅಂದರೆ ಎಲೆಕ್ಟ್ರಾನಿಕ್ಸನ್ನು ತನ್ನೊಳಗೇ ಇಟ್ಟುಕೊಂಡ ಡ್ರೈವ್. ಮದರ್‌ಬೋರ್ಡಿನ ಕಡೆ ಉಳಿದದ್ದು ಎಟಿಯ ತಂತಿಗಳನ್ನು 40 ಪಿನ್ನಿನ ಕೇಬಲ್ಲಿಗೆ ದಾಟಿಸುವ ಸಣ್ಣ ಸರ್ಕ್ಯೂಟ್ ಮಾತ್ರ. ಹಾಗಾಗಿಯೇ 1994ರಲ್ಲಿ ಇದು ಅಧಿಕೃತ ಮಾನದಂಡವಾದಾಗ ಎಟಿಗೆ ಜೋಡಿಸುವಂಥದ್ದು ಎಂಬ ಅರ್ಥದಲ್ಲಿ ‘ಎಟಿಎ’ ಎಂದು ಹೆಸರಿಟ್ಟರು. ಸಾಟಾದ ಕೊನೆಯ ಮೂರಕ್ಷರವೂ ಅದೇ. ಐಬಿಎಂ ಎಟಿ ಮ್ಯೂಸಿಯಂ ಸೇರಿ ಎಷ್ಟೋ ವರ್ಷವಾಗಿದ್ದರೂ ನಮ್ಮ ಡಿಸ್ಕುಗಳು ಅದರ ಹೆಸರು ಹೊತ್ತು ತಿರುಗುತ್ತಿವೆ.

ಹೊಸ ವ್ಯವಸ್ಥೆಗೆ ಗಿರಾಕಿ ಸಿಗಬೇಕಾದರೆ ಹಳೆಯ ತಂತ್ರಾಂಶ ಒಂದಕ್ಷರವೂ ಬದಲಾಗದೆ ನಡೆಯಬೇಕಿತ್ತು. ಆದ್ದರಿಂದ ಡಿಸ್ಕಿನೊಳಗೆ ಹೊಕ್ಕ ಕಂಟ್ರೋಲರ್ ಅದೇ ಎಂಟು ಪೆಟ್ಟಿಗೆ, ಅದೇ ಗಂಟೆಯ ಹಿಂದೆ ನಿಂತು, ತಾನು ವೆಸ್ಟರ್ನ್ ಡಿಜಿಟಲ್ಲಿನ ಆ ಹಳೆಯ ಕಾರ್ಡೇ ಎಂಬಂತೆ ನಟಿಸಿತು. ನಟನೆ ಎಲ್ಲಿಯವರೆಗೆ ಹೋಯಿತೆಂದರೆ, ತಟ್ಟೆಯ ಹೊರಸುತ್ತಿನಲ್ಲಿ ಹೆಚ್ಚು ಸೆಕ್ಟರ್, ಒಳಸುತ್ತಿನಲ್ಲಿ ಕಡಿಮೆ ಇಡುವ ಡಿಸ್ಕುಗಳು ಬಂದ ಮೇಲೂ ಹೊರಗೆ ಮಾತ್ರ ಪ್ರತಿ ಸುತ್ತಿಗೆ 63 ಎಂದೇ ಹೇಳುತ್ತಿದ್ದವು. ಈ ಸುಳ್ಳಿಗೆ ಬೆಲೆಯೂ ತೆರಬೇಕಾಯಿತು. ಬಯೋಸ್ 1,024ಕ್ಕಿಂತ ಹೆಚ್ಚು ಸಿಲಿಂಡರ್, 63ಕ್ಕಿಂತ ಹೆಚ್ಚು ಸೆಕ್ಟರ್ ಎಣಿಸಲಾರದು. ಐಡಿಇ 16ಕ್ಕಿಂತ ಹೆಚ್ಚು ಹೆಡ್ ಎಣಿಸಲಾರದು. ಎರಡೂ ಕಡೆಯ ಕನಿಷ್ಠವನ್ನು ಗುಣಿಸಿ, ಸೆಕ್ಟರಿಗೆ 512 ಬೈಟಿನಂತೆ ಲೆಕ್ಕ ಹಾಕಿದರೆ ಸುಮಾರು 528 ಎಂಬಿ. ತೊಂಬತ್ತರ ದಶಕದ ನಡುವೆ ಡಿಸ್ಕುಗಳು ಈ ಗೋಡೆಗೆ ಬಂದು ಡಿಕ್ಕಿ ಹೊಡೆದವು.

ಪರಿಹಾರವಾಗಿ ಸಿಲಿಂಡರ್-ಹೆಡ್ ಲೆಕ್ಕ ಬಿಟ್ಟು ಸೆಕ್ಟರುಗಳಿಗೆ ಸಾಲು ಸಂಖ್ಯೆ ಕೊಡುವ ಪದ್ಧತಿ ಬಂತು. ಆ ಸಂಖ್ಯೆಯನ್ನು ಬರೆಯಲು ಹೊಸ ಪೆಟ್ಟಿಗೆ ಮಾಡಲಿಲ್ಲ. ಸೆಕ್ಟರಿನ ಪೆಟ್ಟಿಗೆಯಲ್ಲಿ 8 ಬಿಟ್, ಸಿಲಿಂಡರಿನ ಎರಡರಲ್ಲಿ ಎಂಟೆಂಟು, ಹೆಡ್ಡಿನದರಲ್ಲಿ 4, ಒಟ್ಟು 28 ಬಿಟ್. ಮುಂದೆ 137 ಜಿಬಿಯ ಗೋಡೆ ಎದ್ದದ್ದು ಈ 28ರಿಂದಲೇ. ಅದನ್ನು ದಾಟಲು 48 ಬಿಟ್ಟಿನ ವಿಳಾಸ ತಂದಾಗಲೂ ಪೆಟ್ಟಿಗೆ ಹೆಚ್ಚಿಸದೆ ಅವೇ ಪೆಟ್ಟಿಗೆಗಳಲ್ಲಿ ಎರಡೆರಡು ಸಲ ಬರೆಯುವ ಏರ್ಪಾಡು ಮಾಡಿದರು. ಹಳೆಯ ಮನೆಗೆ ಕೋಣೆ ಸೇರಿಸಲಾಗದೆ ಅಟ್ಟ ಕಟ್ಟುತ್ತಾ ಹೋದಂತೆ. ನಗು ಬಂದರೂ ನನಗೆ ಇದರ ಬಗ್ಗೆ ಗೌರವವಿದೆ. ಕೋಟ್ಯಂತರ ಜನರ ಕಂಪ್ಯೂಟರುಗಳನ್ನು ಕೆಡಿಸದೆ ನಲವತ್ತು ಸಾವಿರ ಪಟ್ಟು ದೊಡ್ಡ ಡಿಸ್ಕಿಗೆ ದಾರಿ ಮಾಡುವುದು ಸಣ್ಣ ಕೆಲಸವಲ್ಲ.

2003ರಲ್ಲಿ ಸಾಟಾ ಡಿಸ್ಕುಗಳು ಮಾರುಕಟ್ಟೆಗೆ ಬಂದವು. ಅಗಲವಾದ ಪಟ್ಟಿಯ ಬದಲು ಬೆರಳಗಲದ ಕೇಬಲ್, ಮಾಸ್ಟರ್-ಸ್ಲೇವ್ ಜಂಪರಿನ ಕಾಟವಿಲ್ಲ. ತಂತಿ ಪೂರ್ತಿ ಬದಲಾಯಿತು. ಆದರೆ ಆಗ ಎಲ್ಲರ ಮನೆಯಲ್ಲಿದ್ದ ವಿಂಡೋಸ್ ಎಕ್ಸ್‌ಪಿ 2001ರದು. ಅದಕ್ಕೆ ಗೊತ್ತಿದ್ದದ್ದು ಎಂಟು ಪೆಟ್ಟಿಗೆಯ ಭಾಷೆ ಮಾತ್ರ. ಆದ್ದರಿಂದ ಚಿಪ್‌ಸೆಟ್‌ಗಳು ಒಳಗೆ ಸಾಟಾ, ಹೊರಗೆ ಐಡಿಇ ಎಂಬ ವೇಷ ತೊಟ್ಟವು. ಬಯೋಸಿನಲ್ಲಿ ನಾನು ಕಂಡ ‘ಕಂಪ್ಯಾಟಿಬಿಲಿಟಿ’ ಎಂಬುದು ಈ ವೇಷದ ಹೆಸರು. ಕೆಲವು ಲ್ಯಾಪ್‌ಟಾಪುಗಳಲ್ಲಿ ‘ಐಡಿಇ’ ಎಂದೂ ಕೆಲವದರಲ್ಲಿ ‘ಎಟಿಎ’ ಎಂದೂ ಬರೆದಿರುತ್ತದೆ.

ವೇಷದ ತೊಂದರೆ ಎಂದರೆ ಒಂದು ಸಲಕ್ಕೆ ಒಂದೇ ಆಜ್ಞೆ. ಅಪಾರ್ಟ್‌ಮೆಂಟಿಗೆ ನೀರಿನ ಕ್ಯಾನ್ ಹಾಕುವ ಹುಡುಗನನ್ನು ನೆನೆಸಿಕೊಳ್ಳಿ. ಒಂದು ಮನೆಯವರು ಹೇಳಿದ್ದನ್ನು ಮುಗಿಸಿ ಕೆಳಗಿಳಿದ ಮೇಲೆಯೇ ಮುಂದಿನ ಮನೆಯ ಹೆಸರು ಕೇಳಬೇಕೆಂದರೆ, ಒಂಬತ್ತನೇ ಮಹಡಿ, ಎರಡನೇ ಮಹಡಿ, ಮತ್ತೆ ಎಂಟನೇ ಮಹಡಿ ಎಂದು ಅವನ ದಿನವೆಲ್ಲ ಲಿಫ್ಟಿನಲ್ಲೇ ಹೋಗುತ್ತದೆ. ಎಲ್ಲರ ಪಟ್ಟಿ ಒಟ್ಟಿಗೆ ಕೊಟ್ಟರೆ ತನಗೆ ಅನುಕೂಲವಾದ ಕ್ರಮದಲ್ಲಿ ಹಂಚುತ್ತಾನೆ. ತಿರುಗುವ ಡಿಸ್ಕಿಗೂ ಹಾಗೆಯೇ. ಈ ಪಟ್ಟಿ ಪದ್ಧತಿಗೆ ಎನ್‌ಸಿಕ್ಯೂ ಎನ್ನುತ್ತಾರೆ. ಪಟ್ಟಿ ಕೊಡಲು ಎಂಟು ಪೆಟ್ಟಿಗೆಯ ಗೋಡೆಯಲ್ಲಿ ಜಾಗವಿಲ್ಲ. ಇಂಟೆಲ್ 2004ರಲ್ಲಿ ಎಎಚ್‌ಸಿಐ ಎಂಬ ಹೊಸ ಒಪ್ಪಂದವನ್ನು ಪ್ರಕಟಿಸಿತು. ಇದರಲ್ಲಿ ಪೆಟ್ಟಿಗೆಗಳ ಗೋಡೆಯನ್ನೇ ಬಿಟ್ಟರು. ಪ್ರೊಸೆಸರು ಮೆಮೊರಿಯಲ್ಲಿ ಆಜ್ಞೆಗಳ ಪಟ್ಟಿ ಬರೆದಿಡುತ್ತದೆ, ಕಂಟ್ರೋಲರ್ ತಾನೇ ಬಂದು ಓದಿಕೊಳ್ಳುತ್ತದೆ. 32 ಪೋರ್ಟ್‌ವರೆಗೆ, ಪೋರ್ಟಿಗೆ 32 ಆಜ್ಞೆ. ಯಂತ್ರ ನಡೆಯುತ್ತಿರುವಾಗಲೇ ಡಿಸ್ಕ್ ಕಳಚಿ ಹಾಕುವ ಸೌಲಭ್ಯವೂ ಬಂತು.

ಒಂದೇ ಚಿಪ್ ಎರಡು ಭಾಷೆ ಆಡುತ್ತದೆ, ಯಾವುದನ್ನು ಆಡಬೇಕೆಂದು ಬಯೋಸ್ ಹೇಳುತ್ತದೆ. ಇದು ಆಪರೇಟಿಂಗ್ ಸಿಸ್ಟಮಿಗೆ ಹೇಗೆ ತಿಳಿಯುತ್ತದೆ? ಪಿಸಿಐ ಬಸ್ಸಿಗೆ ಜೋಡಿಸಿದ ಪ್ರತಿ ಚಿಪ್ಪಿಗೂ ಕೊರಳಲ್ಲಿ ಗುರುತಿನ ಚೀಟಿ ಇರುತ್ತದೆ. ಅದರ ಮೊದಲ ಸಂಖ್ಯೆ 01 ಆದರೆ ಅದು ಸಂಗ್ರಹಕ್ಕೆ ಸಂಬಂಧಿಸಿದ್ದು. ಎರಡನೇ ಸಂಖ್ಯೆ ಯಾವ ಬಗೆ ಎಂದು ಹೇಳುತ್ತದೆ: 01 ಎಂದರೆ ಐಡಿಇ, 04 ರೇಯ್ಡ್, 06 ಸಾಟಾ, 08 ಎಂದರೆ ಈಗಿನ ಎನ್‌ವಿಎಮ್‌ಇ. ಬಯೋಸಿನಲ್ಲಿ ಪದ ಬದಲಿಸಿದಾಗ ಚಿಪ್ ಈ ಚೀಟಿಯನ್ನು ಬದಲಾಯಿಸಿಕೊಳ್ಳುತ್ತದೆ. ವಿಂಡೋಸ್ ಚೀಟಿ ನೋಡಿ ಅದಕ್ಕೆ ತಕ್ಕ ಡ್ರೈವರನ್ನು ಹುಡುಕುತ್ತದೆ.

ನನ್ನ ನೀಲಿ ಪರದೆಗೆ ಕಾರಣ ಇಲ್ಲೇ ಇತ್ತು. ಲ್ಯಾಪ್‌ಟಾಪ್ ಎದ್ದ ಮೊದಲ ಕೆಲವು ಕ್ಷಣ ಡಿಸ್ಕನ್ನು ಓದುವುದು ವಿಂಡೋಸ್ ಅಲ್ಲ. ಬಯೋಸ್ ತನ್ನದೇ ಪುಟ್ಟ ಕೋಡಿನಿಂದ ಓದಿಕೊಡುತ್ತದೆ. ಬೂಟ್ ಲೋಡರ್ ಅದರ ಸಹಾಯದಿಂದಲೇ ಕರ್ನಲ್ಲನ್ನೂ, ‘ಬೂಟ್ ಆಗುವಾಗಲೇ ಬೇಕು’ ಎಂದು ರಿಜಿಸ್ಟ್ರಿಯಲ್ಲಿ ಗುರುತು ಹಾಕಿದ ಡ್ರೈವರುಗಳನ್ನೂ ಮೆಮೊರಿಗೆ ತರುತ್ತದೆ. ಲಾಂಛನ ಕಾಣುವುದು ಈ ಹಂತದಲ್ಲಿ. ಆಮೇಲೆ ಕರ್ನಲ್ ಬಯೋಸಿನ ಕೈ ಬಿಡುತ್ತದೆ. ಇನ್ನು ಮುಂದೆ ಡಿಸ್ಕನ್ನು ತಾನೇ, ತನ್ನ ಡ್ರೈವರಿನಿಂದ ಓದಬೇಕು. ಆಗ ಮೆಮೊರಿಯಲ್ಲಿ ಎಎಚ್‌ಸಿಐ ಡ್ರೈವರ್ ಇಲ್ಲದಿದ್ದರೆ ಅದನ್ನು ಡಿಸ್ಕಿನಿಂದ ತರಬೇಕು. ಡಿಸ್ಕ್ ಓದಲು ಡ್ರೈವರ್ ಬೇಕು. ಪೆಟ್ಟಿಗೆಯ ಬೀಗದ ಕೈ ಪೆಟ್ಟಿಗೆಯೊಳಗೇ ಉಳಿದಿದೆ. 7ಬಿ ಎಂದರೆ ಇಷ್ಟೇ. ನಮ್ಮ ನುಡಿ ಫಾಂಟಿನ ಫೈಲುಗಳ ಪಾಡೂ ಇದಕ್ಕಿಂತ ಬೇರೆಯಲ್ಲ: ಬೈಟುಗಳೆಲ್ಲ ಇದ್ದಲ್ಲೇ ಇವೆ, ಅವನ್ನು ಓದುವ ಕೀಲಿ ಮಾತ್ರ ಕೈಯಲ್ಲಿಲ್ಲ.

ಎಕ್ಸ್‌ಪಿಯ ಸೀಡಿಯಲ್ಲಿ ಎಎಚ್‌ಸಿಐ ಡ್ರೈವರ್ ಇರಲೇ ಇಲ್ಲ. ಹುಟ್ಟುವುದಕ್ಕೆ ಮೂರು ವರ್ಷ ಮುಂಚೆ ಇರುವುದಾದರೂ ಹೇಗೆ? ಹೊಸದಾಗಿ ಎಕ್ಸ್‌ಪಿ ಹಾಕುವವರು ನೀಲಿ ಸೆಟಪ್ ಪರದೆಯ ಕೆಳಗೆ ಕೆಲವೇ ಕ್ಷಣ ಮಿನುಗುವ ಸಾಲನ್ನು ಗಮನಿಸಿ ಎಫ್6 ಒತ್ತಬೇಕು, ಆಮೇಲೆ ಡ್ರೈವರ್ ಇರುವ ಫ್ಲಾಪಿ ಹಾಕಬೇಕು. ಲ್ಯಾಪ್‌ಟಾಪಿಗೆ ಫ್ಲಾಪಿ ಡ್ರೈವೇ ಇಲ್ಲದ ಕಾಲ ಅದು. ಯುಎಸ್‌ಬಿ ಫ್ಲಾಪಿ ಡ್ರೈವ್ ಎಂಬ ವಿಚಿತ್ರ ವಸ್ತುವನ್ನು ಆಫೀಸಿನ ಸಿಸ್ಟಮ್ಸ್ ವಿಭಾಗದವರು ಬೀಗ ಹಾಕಿದ ಡ್ರಾಯರಿನಲ್ಲಿ ಇಟ್ಟಿರುತ್ತಿದ್ದರು. ಬಹಳ ಜನ ಬಯೋಸಿಗೆ ಹೋಗಿ ಐಡಿಇ ಎಂದು ಬದಲಿಸಿ ಕೈತೊಳೆದುಕೊಂಡರು. ಮುಂದೆ ಎಸ್‌ಎಸ್‌ಡಿ ಹಾಕಿದಾಗ ಎಷ್ಟೋ ಜನರ ಲ್ಯಾಪ್‌ಟಾಪ್ ಐಡಿಇ ವೇಷದಲ್ಲೇ ಸಿಕ್ಕಿದ್ದು ಈ ಹಳೆಯ ಉಪಾಯದ ಫಲ.

ವಿಸ್ತಾ ಮತ್ತು ವಿಂಡೋಸ್ 7 ಬಂದಾಗ ಎಎಚ್‌ಸಿಐ ಡ್ರೈವರ್ ಜೊತೆಗೇ ಬಂತು. ಆದರೂ 7ಬಿ ನಿಲ್ಲಲಿಲ್ಲ. ಕಂಪ್ಯೂಟರ್ ಬೇಗ ಏಳಲಿ ಎಂದು, ಇನ್‌ಸ್ಟಾಲ್ ಮಾಡುವ ಹೊತ್ತಿನಲ್ಲಿ ಬೇಕಾಗದ ಸಂಗ್ರಹ ಡ್ರೈವರುಗಳನ್ನೆಲ್ಲ ವಿಂಡೋಸ್ ನಿಷ್ಕ್ರಿಯಗೊಳಿಸುತ್ತಿತ್ತು. ಐಡಿಇಯಲ್ಲಿ ಹಾಕಿದ ವಿಂಡೋಸಿನಲ್ಲಿ ಎಎಚ್‌ಸಿಐ ಡ್ರೈವರ್ ಡಿಸ್ಕಿನಲ್ಲಿ ಇರುತ್ತದೆ, ಏಳುವುದಿಲ್ಲ. ಸೆಟ್ಟಿಂಗ್ ಬದಲಿಸುವ ಮುಂಚೆ ರಿಜಿಸ್ಟ್ರಿಯಲ್ಲಿ ಆ ಡ್ರೈವರಿನ ‘ಸ್ಟಾರ್ಟ್’ ಎಂಬ ಬೆಲೆಯನ್ನು 0 ಮಾಡಿಡಬೇಕಿತ್ತು. ಮೈಕ್ರೋಸಾಫ್ಟೇ ಇದನ್ನು ಲೇಖನವಾಗಿ ಪ್ರಕಟಿಸಿತ್ತು. ಒಂದು ಅಂಕಿಯ ಬದಲಾವಣೆ! ಅದು ಗೊತ್ತಿಲ್ಲದೆ ಎಷ್ಟು ಜನ ಇಡೀ ಡಿಸ್ಕ್ ಫಾರ್ಮ್ಯಾಟ್ ಮಾಡಿ, ಮದುವೆಯ ಫೋಟೋ ಕಳೆದುಕೊಂಡು, ಅಂಗಡಿಯವನಿಗೆ ದುಡ್ಡು ಕೊಟ್ಟರೋ.

ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಹೆಡ್ಡೂ ಇಲ್ಲ. 2008ರಲ್ಲಿ ಇಂಟೆಲ್ಲಿನ ಎಕ್ಸ್25-ಎಂ ಬಂದ ಮೇಲೆ ಲ್ಯಾಪ್‌ಟಾಪ್ ಬದಲಿಸುವ ಬದಲು ಡಿಸ್ಕ್ ಬದಲಿಸುವ ಅಭ್ಯಾಸ ಹರಡಿತು. ಇಲ್ಲೂ 63ರ ಭೂತ ಬಿಡಲಿಲ್ಲ. ಪ್ರತಿ ಸುತ್ತಿಗೆ 63 ಸೆಕ್ಟರ್ ಎಂಬ ಲೆಕ್ಕದಿಂದಾಗಿ ಎಕ್ಸ್‌ಪಿ ಮೊದಲ ಪಾರ್ಟಿಷನ್ನನ್ನು 63ನೇ ಸೆಕ್ಟರಿನಿಂದ ಶುರುಮಾಡುತ್ತದೆ. ಎಸ್‌ಎಸ್‌ಡಿಯ ಒಳಗಿನ ಪುಟಗಳು 4 ಕೆಬಿ ಅಥವಾ ಅದರ ಗುಣಕ, ಅಂದರೆ ಎಂಟೆಂಟು ಸೆಕ್ಟರಿನ ಗುಂಪು. 63 ಎಂಟರಿಂದ ಭಾಗವಾಗುವುದಿಲ್ಲ. ಹಾಗಾಗಿ ವಿಂಡೋಸಿನ ಒಂದೊಂದು 4 ಕೆಬಿ ತುಂಡೂ ಎರಡು ಪುಟಗಳ ಗಡಿಯ ಮೇಲೆ ಕಾಲು ಚಾಚಿ ಮಲಗುತ್ತದೆ, ಒಂದು ಸಲ ಬರೆಯುವಲ್ಲಿ ಎರಡು ಕಡೆ ಬರೆಯಬೇಕಾಗುತ್ತದೆ. ವಿಸ್ತಾದಿಂದ ಈಚೆಗೆ ಪಾರ್ಟಿಷನ್ 1 ಎಂಬಿಯಿಂದ ಶುರುವಾಗುವುದು ಈ ಕಾಟ ತಪ್ಪಿಸಲೆಂದೇ. ನಾನು ಹಾಗ್ಹಾಗೇ ನಕಲು ಮಾಡಿದ್ದರಿಂದ ಸಂಘದ ಲ್ಯಾಪ್‌ಟಾಪಿನಲ್ಲಿ 63 ಇನ್ನೂ ಇದೆ. ಎಎಚ್‌ಸಿಐ ಎಂದು ಒದ್ದಾಡಿದವನು ಇದನ್ನು ಮೊದಲು ಸರಿಪಡಿಸಬೇಕಿತ್ತು.

ಮೂರನೇ ಆಯ್ಕೆ ರೇಯ್ಡ್. ನನಗೆ ಅತ್ಯಂತ ಸಿಟ್ಟು ತರಿಸುವುದು ಇದು. ರೇಯ್ಡ್ ಎಂದರೆ ಹಲವು ಡಿಸ್ಕುಗಳನ್ನು ಒಂದಾಗಿ ನಡೆಸುವುದು. ಒಂದೇ ಡಿಸ್ಕ್ ಇರುವ ಲ್ಯಾಪ್‌ಟಾಪಿನಲ್ಲಿ ಅದಕ್ಕೇನು ಕೆಲಸ? ಇಂಟೆಲ್ ತನ್ನ ಸಂಗ್ರಹ ತಂತ್ರಾಂಶದ ಹೆಚ್ಚುವರಿ ಸೌಲಭ್ಯಗಳನ್ನು, ಅಂದರೆ 2011ರಲ್ಲಿ ಸಣ್ಣ ಎಸ್‌ಎಸ್‌ಡಿಯನ್ನು ದೊಡ್ಡ ಡಿಸ್ಕಿನ ಕ್ಯಾಷ್ ಮಾಡುವ ಏರ್ಪಾಡು, 2017ರಲ್ಲಿ ಆಪ್ಟೇನ್ ಮೆಮೊರಿ, ಇವನ್ನೆಲ್ಲ ಈ ಹೆಸರಿನಡಿ ಇಟ್ಟಿತು. ತಯಾರಕರು ಕಾರ್ಖಾನೆಯಿಂದಲೇ ರೇಯ್ಡ್ ಹಾಕಿ ಕಳಿಸತೊಡಗಿದರು. ಆಗ ಚಿಪ್ಪಿನ ಚೀಟಿ ಬದಲಾಗುವುದಷ್ಟೇ ಅಲ್ಲ, ಎನ್‌ವಿಎಮ್‌ಇ ಡಿಸ್ಕ್ ಅದರ ಬೆನ್ನ ಹಿಂದೆ ಅಡಗಿಕೊಳ್ಳುತ್ತದೆ. 2016ರಲ್ಲಿ ಲೆನೊವೊದ ಯೋಗಾ 900 ಕೊಂಡು ಲಿನಕ್ಸ್ ಹಾಕಲು ಹೋದವರಿಗೆ ಡಿಸ್ಕೇ ಕಾಣಲಿಲ್ಲ. ಬಯೋಸಿನಲ್ಲಿ ಎಎಚ್‌ಸಿಐಗೆ ಬದಲಿಸುವ ಆಯ್ಕೆಯನ್ನೂ ಕೊಟ್ಟಿರಲಿಲ್ಲ. ದೊಡ್ಡ ಗದ್ದಲವಾದ ಮೇಲೆ ಕಂಪನಿ ಲಿನಕ್ಸ್ ಬಳಸುವವರಿಗೆಂದೇ ಬೇರೆ ಬಯೋಸ್ ಬಿಡುಗಡೆ ಮಾಡಿತು.

ಎನ್‌ವಿಎಮ್‌ಇಯ ವಿಷಯಕ್ಕೆ ಬಂದರೆ ಕತೆ ಒಂದು ಸುತ್ತು ಬಂದಂತಾಗುತ್ತದೆ. 2011ರ ಮಾರ್ಚಿನಲ್ಲಿ ಇದರ ಮೊದಲ ಆವೃತ್ತಿ ಪ್ರಕಟವಾಯಿತು. ಎಎಚ್‌ಸಿಐಯ 32 ಆಜ್ಞೆಯ ಒಂದು ಸಾಲಿನ ಬದಲು 64 ಸಾವಿರ ಸಾಲು, ಸಾಲಿಗೆ 64 ಸಾವಿರ ಆಜ್ಞೆ ಇರಬಹುದು. ಮುಖ್ಯ ಸಂಗತಿ ಅದಲ್ಲ. ಇಲ್ಲಿ ಮದರ್‌ಬೋರ್ಡಿನಲ್ಲಿ ಸಂಗ್ರಹದ ಕಂಟ್ರೋಲರೇ ಬೇಕಿಲ್ಲ. ಚ್ಯೂಯಿಂಗ್ ಗಮ್ ಪಟ್ಟಿಯಷ್ಟಿರುವ ಎಂ.2 ಕಾರ್ಡು ಕಂಟ್ರೋಲರನ್ನು ತನ್ನೊಂದಿಗೇ ತಂದು, 08 ಎಂಬ ಚೀಟಿ ಹಿಡಿದು ನೇರ ಪಿಸಿಐ ಎಕ್ಸ್‌ಪ್ರೆಸ್ಸಿಗೆ ಕೂರುತ್ತದೆ. 1986ರಲ್ಲಿ ಶುರುವಾದ ಪಯಣ ಇಲ್ಲಿಗೆ ಮುಗಿದು, ಬಯೋಸಿನ ಆ ಸೆಟ್ಟಿಂಗ್ ಮಾಯವಾಗಬೇಕಿತ್ತು.

ಆಗಲಿಲ್ಲ. 2020ರಲ್ಲಿ ಬಂದ ಇಂಟೆಲ್ಲಿನ 11ನೇ ಪೀಳಿಗೆಯ ಲ್ಯಾಪ್‌ಟಾಪುಗಳಿಂದ ವಿಎಮ್‌ಡಿ ಎಂಬ ಹೊಸ ಪರದೆ ಬಂತು. ಸರ್ವರುಗಳಿಗಾಗಿ ಮಾಡಿದ್ದನ್ನು ಲ್ಯಾಪ್‌ಟಾಪಿಗೆ ಇಳಿಸಿದ್ದು. ಇದೂ ಎನ್‌ವಿಎಮ್‌ಇಯನ್ನು ಮರೆಯಲ್ಲಿಡುತ್ತದೆ. ಹಾಸ್ಟೆಲಿನ ಹುಡುಗರು ಒಂದು ಟಿಬಿಯ ಹೊಸ ಡ್ರೈವ್ ಕೂರಿಸಿ ವಿಂಡೋಸ್ ಹಾಕಲು ಹೋದರೆ ಡ್ರೈವುಗಳ ಪಟ್ಟಿ ಖಾಲಿ ಕಾಣುತ್ತದೆ. ಡಿಸ್ಕ್ ಕೆಟ್ಟಿದೆಯೆಂದು ಅಂಗಡಿಗೆ ಓಡಬೇಕಿಲ್ಲ. ಬಯೋಸಿನಲ್ಲಿ ವಿಎಮ್‌ಡಿ ಆಫ್ ಮಾಡಬಹುದು, ಅಥವಾ ಇನ್‌ಸ್ಟಾಲ್ ಪರದೆಯಲ್ಲಿ ‘ಲೋಡ್ ಡ್ರೈವರ್’ ಒತ್ತಿ ಇಂಟೆಲ್ಲಿನ ಡ್ರೈವರ್ ಫೋಲ್ಡರ್ ತೋರಿಸಬಹುದು. ಆ ಫೋಲ್ಡರಿನ ಹೆಸರು ‘ಎಫ್6ಎಫ್‌ಎಲ್‌ಪಿವೈ’ ಎಂದು ಶುರುವಾಗುತ್ತದೆ. ಎಫ್6 ಒತ್ತಿ ಹಾಕುವ ಫ್ಲಾಪಿ! ಫ್ಲಾಪಿಯನ್ನು ಕಣ್ಣಿಂದ ಕಾಣದ ಹುಡುಗರು ಅದನ್ನು ಯುಎಸ್‌ಬಿಯಲ್ಲಿ ಹಾಕಿಕೊಂಡು ತಿರುಗುತ್ತಿದ್ದಾರೆ.

ಕೈ ಹಾಕುವವರಿಗೆ ಎರಡು ಮಾತು. ವಿಂಡೋಸ್ 10, 11ರಲ್ಲಿ ಸೆಟ್ಟಿಂಗ್ ಬದಲಿಸುವುದಿದ್ದರೆ ಮೊದಲು ಬಿಟ್‌ಲಾಕರ್ ಇದೆಯೇ ನೋಡಿ. ಇದ್ದರೆ 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟು, ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತಡೆಹಿಡಿಯಿರಿ. ಬಯೋಸಿನಲ್ಲಿ ಬದಲಾವಣೆ ಕಂಡರೆ ಅದು ಕೀ ಕೇಳಬಹುದು. ಕೀ ಇಲ್ಲದಿದ್ದರೆ ಡಿಸ್ಕ್ ಸರಿಯಿದ್ದೂ ದತ್ತಾಂಶ ಹೋದಂತೆಯೇ. ಆಮೇಲೆ ಮುಂದಿನ ಬೂಟ್ ಸೇಫ್ ಮೋಡಿನಲ್ಲಿ ಆಗುವಂತೆ ಗೊತ್ತುಮಾಡಿ, ರೀಸ್ಟಾರ್ಟ್ ಆಗುವಾಗ ಬಯೋಸಿಗೆ ಹೋಗಿ ಬದಲಿಸಿ. ಸೇಫ್ ಮೋಡಿನಲ್ಲಿ ಒಮ್ಮೆ ಎದ್ದರೆ ವಿಂಡೋಸ್ ತನಗೆ ಬೇಕಾದ ಡ್ರೈವರನ್ನು ಎಚ್ಚರಿಸಿಕೊಳ್ಳುತ್ತದೆ. ಬಳಿಕ ಸೇಫ್ ಮೋಡ್ ತೆಗೆಯಿರಿ. ನಿಜವಾಗಿಯೂ ಎರಡು ಡಿಸ್ಕ್ ಸೇರಿಸಿ ರೇಯ್ಡ್ ಮಾಡಿದ ಯಂತ್ರವಾದರೆ ಮಾತ್ರ ಮುಟ್ಟಬೇಡಿ.

ಸಂಘದ ಲ್ಯಾಪ್‌ಟಾಪಿಗೂ ಉಪಾಯವಿಲ್ಲದೆ ಇರಲಿಲ್ಲ. ಇಂಟೆಲ್ಲಿನ ಹಳೆಯ ಡ್ರೈವರನ್ನು ಎಕ್ಸ್‌ಪಿಯ ಫೋಲ್ಡರಿಗೆ ಕೈಯಿಂದ ನಕಲಿಸಿ, ಚಿಪ್ಪಿನ ಗುರುತಿನ ಸಂಖ್ಯೆಯನ್ನು ರಿಜಿಸ್ಟ್ರಿಯಲ್ಲಿ ಬರೆದರೆ ಎಎಚ್‌ಸಿಐ ನಡೆಯುತ್ತದೆ. ಕಾರ್ಯದರ್ಶಿಗಳ ಮುಖ ನೋಡಿ ಬಿಟ್ಟುಬಿಟ್ಟೆ. ತಟ್ಟೆ ತಿರುಗದ ಡಿಸ್ಕಿಗೆ ಪೇಜ್‌ಮೇಕರಿನ ಒಂದು ಫೈಲ್ ತೆರೆಯಲು ಮೂವತ್ತೆರಡು ಆಜ್ಞೆಗಳ ಪಟ್ಟಿ ಯಾಕೆ? ಅದು ಈಗಲೂ ಕಂಪ್ಯಾಟಿಬಿಲಿಟಿಯಲ್ಲೇ ಇದೆ. ಇಂಟರ್ನೆಟ್ಟಿಗೆ ಜೋಡಿಸಿಲ್ಲ. ಮುಚ್ಚಳದ ಮೇಲೆ ‘ಬಯೋಸ್ ಮುಟ್ಟಬೇಡಿ’ ಎಂದು ಚೀಟಿ ಅಂಟಿಸಿದ್ದೇವೆ. ಬರೆದದ್ದು ಅವರು, ಯಾರಿಗೆಂದು ಹೇಳಬೇಕಿಲ್ಲ.

ಈಗ ಶನಿವಾರ ಸಂಜೆಗಳಲ್ಲಿ ಆ ಸಂಚಿಕೆಗಳನ್ನು ಒಂದೊಂದಾಗಿ ಯೂನಿಕೋಡಿಗೆ ಪರಿವರ್ತಿಸುತ್ತಿದ್ದೇವೆ. ಒತ್ತಕ್ಷರವೂ ಅರ್ಕಾವತ್ತೂ ಅಲ್ಲಲ್ಲಿ ಸ್ಥಾನಪಲ್ಲಟವಾಗುತ್ತವೆ, ಕೂತು ತಿದ್ದಬೇಕು. ನಾಲ್ಕು ಮುಗಿದಿವೆ, ಹದಿನೈದು ಬಾಕಿ.